ನಾರ್ಮಲ್ ಕಾಕಾ ಮತ್ತು ಏಳನೇ ಜಾಡಿ

ಕಪ್ಪತಗುಡ್ಡ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಯಾವ ಡಾಕ್ಟರನ್ನಾದರೂ ಹಿಡಿದು, ಆರೋಗ್ಯವಂತ ಹೃದಯದ ಇಸಿಜಿ ಹೇಗಿರುತ್ತದೆ ಎಂದು ಕೇಳಿ. ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳಾಡಿಸಿ ಒಂದು ಗೆರೆ ಬರೆದು ತೋರಿಸುತ್ತಾರೆ. ಆ ಗೆರೆ ಫಕೀರಪ್ಪ ಹೊಂಬಳನದು. ಇಪ್ಪತ್ತಾರು ವರ್ಷದ ಹಿಂದೆ, ಅವನು ಇಸಿಜಿ ಕೋಣೆಗೆ ಹೊಸದಾಗಿ ಸೇರಿದ ವಾರವೇ, ಪಾಠಕ್ಕೊಂದು ಶುದ್ಧ ನಮೂನೆ ಬೇಕೆಂದು ಪ್ರೊಫೆಸರರು ಕೈಗೆ ಸಿಕ್ಕ ಅವನನ್ನೇ ಮಂಚದ ಮೇಲೆ ಮಲಗಿಸಿ ತಂತಿ ಹಚ್ಚಿದರು. ಬಂದ ಗೆರೆ ಎಷ್ಟು ಚೆಂದವಿತ್ತೆಂದರೆ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಎರಡನೇ ವರ್ಷದವರ ತರಗತಿಯಲ್ಲಿ ತೂಗುಹಾಕಿದರು. ಕೆಳಗೆ ಒಂದೇ ಪದ: ನಾರ್ಮಲ್. ಅವತ್ತಿನಿಂದ ಅವನು ಹುಡುಗರಿಗೆಲ್ಲ ನಾರ್ಮಲ್ ಕಾಕಾ ಆದ. ಗೇಟಿನ ಕಾವಲುಗಾರ ಕೂಡ ಹಾಗೇ ಕರೆಯುತ್ತಿದ್ದ. ಅಸಲು ಹೆಸರು ಗೊತ್ತಿದ್ದವರು ಸಂಬಳದ ಗುಮಾಸ್ತರು ಮಾತ್ರ.

ಹಾಗೆ ಅವನ ಗೆರೆ ನೋಡಿ ಕಲಿತ ಸಾವಿರಾರು ಹುಡುಗರಲ್ಲಿ ತನುಜಾ ಬೆಳವಡಿಯೂ ಒಬ್ಬಳು. ಹೊರಗೆ ಹೋಗಿ ಸಂಶೋಧನೆ ಮಾಡಿ, ಡಾ. ತನುಜಾ ಆಗಿ ಅದೇ ಕಾಲೇಜಿಗೆ ವಾಪಸು ಬಂದಳು. ಹಳೇ ಶವಾಗಾರದ ಹಿಂದಿನ ಮೂರು ಕೋಣೆ ತೆರವು ಮಾಡಿಸಿಕೊಂಡು, ಮನುಷ್ಯನ ಮೂತ್ರಪಿಂಡ ಬೆಳೆಸುತ್ತೇನೆಂದು ಕುಳಿತಳು. ರೋಗಿಯ ಮೈಯಿಂದಲೇ ಚಿಟಿಕೆಯಷ್ಟು ಜೀವಕೋಶ ತೆಗೆದು, ತೆಳುವಾದ ಬಲೆಯ ಮೇಲೆ ಬಿತ್ತಿ, ಗಾಜಿನ ಪಾತ್ರೆಯೊಳಗೆ ಬೆಚ್ಚಗಿನ ದ್ರಾವಣದಲ್ಲಿ ಇಡುವುದು. ಪಂಪು ಆ ದ್ರಾವಣವನ್ನು ರಕ್ತದ ಹಾಗೆ ಒತ್ತುತ್ತಿರುವುದು. ಉಪಾಯವೇನೋ ಸರಿ ಇತ್ತು. ಆದರೆ ಮೂರು ವಾರ ಬೆಳೆದ ಪಿಂಡ ನಾಲ್ಕನೇ ವಾರಕ್ಕೆ ಮುನಿಸಿಕೊಂಡ ಮಗುವಿನ ಹಾಗೆ ನಿಂತುಬಿಡುತ್ತಿತ್ತು. ಒಂದಲ್ಲ, ಹತ್ತಲ್ಲ, ನಲವತ್ತು ಪಿಂಡ ಹಾಗೇ ಸತ್ತವು.

ತಪ್ಪು ಪಂಪಿನದು ಎಂದು ಅವಳಿಗೆ ಹೊಳೆಯಲು ವರ್ಷ ಬೇಕಾಯಿತು. ಪಂಪು ಗಡಿಯಾರದ ಹಾಗೆ ಹೊಡೆಯುತ್ತಿತ್ತು. ಜೀವಂತ ಹೃದಯ ಹಾಗೆ ಹೊಡೆಯುವುದಿಲ್ಲ. ಎಷ್ಟೇ ಗಟ್ಟಿ ಹೃದಯವಿರಲಿ, ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಉಸಿರೆಳೆದರೆ ಚೂರು ಬೇಗ, ಬಿಟ್ಟರೆ ಚೂರು ನಿಧಾನ. ಸಣ್ಣ ರಕ್ತನಾಳಗಳು ಕವಲೊಡೆಯಬೇಕಾದರೆ ಆ ಹೆಚ್ಚುಕಡಿಮೆಯೇ ಬೇಕು. ನಾಡಿಯನ್ನು ಧ್ವನಿಮುದ್ರಿಕೆಯ ಹಾಗೆ ಹಿಡಿದಿಟ್ಟು ಮತ್ತೆ ಮತ್ತೆ ನುಡಿಸಿ ನೋಡಿದಳು. ಎರಡು ದಿನ ಹೆಚ್ಚು ಬೆಳೆದು ಮತ್ತೆ ನಿಂತಿತು. ಕಂಪ್ಯೂಟರಿನಿಂದ ಏರುಪೇರು ಮಾಡಿಸಿದಳು, ಅದಕ್ಕೂ ಬಗ್ಗಲಿಲ್ಲ. ರೋಗಿಗಳದೇ ನಾಡಿ ಕೊಡೋಣವೆಂದರೆ, ಡಯಾಲಿಸಿಸ್ ಆದ ದಿನ ಅವರ ರಕ್ತದೊತ್ತಡ ಎಲ್ಲಿಂದ ಎಲ್ಲಿಗೋ ಹಾರುತ್ತಿತ್ತು. ಆರೋಗ್ಯವಂತನೊಬ್ಬನ ನಾಡಿ, ಆಯಾ ಕ್ಷಣದ್ದು, ಐದಾರು ತಿಂಗಳು ಬಿಡದೆ ಬೇಕು. ಅದನ್ನು ಯಾರು ಕೊಡುತ್ತಾರೆ?

ಸಂಕ್ರಾಂತಿಯ ಮರುದಿನ ತನುಜಾ ಇಸಿಜಿ ಕೋಣೆಗೆ ಇಳಿದು ಬಂದಳು.

"ಕಾಕಾ, ನಿಮ್ಮ ನಾಡಿ ನನಗ ಕೊಡ್ತೀರೇನು?"

"ಕೊಟ್ರ ನನಗೇನ್ ಉಳಿತೈತ್ರಿ ಮೇಡಂ?" ಎಂದು ಫಕೀರಪ್ಪ ನಕ್ಕ.

"ನಿಮಗೂ ಇರ್ತದ, ನನಗೂ ಬರ್ತದ. ಕೈಗೊಂದು ಪಟ್ಟಿ ಕಟ್ಕೋಬೇಕು ಅಷ್ಟ. ಸ್ನಾನಕ್ಕೂ ಬಿಚ್ಚೂಹಂಗಿಲ್ಲ ನೋಡ್ರಿ ಮತ್ತ."

"ಕಟ್ರಿ" ಎಂದು ಅವನು ಎಡಗೈ ಚಾಚಿದ. ಎಷ್ಟು ತಿಂಗಳೆಂದೂ ಕೇಳಲಿಲ್ಲ. ಎಲ್ಲರಿಗೂ ನಾರ್ಮಲ್ ಅಂದರೆ ಅವನೇ ಆಗಿದ್ದರಿಂದ, ಅವನನ್ನೊಮ್ಮೆ ಪರೀಕ್ಷೆ ಮಾಡಿಸಬೇಕೆಂದು ತನುಜಾಗೂ ಹೊಳೆಯಲಿಲ್ಲ.

ಪಟ್ಟಿ ನಾಡಿ ಹಿಡಿದು ನಿಸ್ತಂತುವಿನಲ್ಲಿ ಕಳಿಸುತ್ತಿತ್ತು. ಅವನು ಎಲ್ಲಿದ್ದರೂ ಪಂಪು ಅವನ ಎದೆಯ ತಾಳಕ್ಕೆ ಒತ್ತುತ್ತಿತ್ತು. ನಾಲ್ಕನೇ ವಾರ ಬಂತು, ಪಿಂಡ ನಿಲ್ಲಲಿಲ್ಲ. ಐದನೇ ವಾರ ಬಂತು, ಸಾಸಿವೆಯಷ್ಟಿದ್ದದ್ದು ಹೆಸರುಕಾಳಿನಷ್ಟಾಯಿತು. ತನುಜಾ ಅವತ್ತು ಇಡೀ ಕಾರಿಡಾರಿಗೆ ಧಾರವಾಡ ಪೇಡೆ ಹಂಚಿದಳು.

ಫಕೀರಪ್ಪನ ಮನೆ ಆಸ್ಪತ್ರೆಯ ವಸತಿಗೃಹದ ಮೊದಲ ಮಹಡಿಯಲ್ಲಿತ್ತು. ಇಪ್ಪತ್ತೆರಡು ಮೆಟ್ಟಿಲು. ಹೆಂಡತಿ ಕಸ್ತೂರಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕಸ್ತೂರಿಗೆ ಒಂದು ರೂಢಿ. ಬೆಳಿಗ್ಗೆ ಅವನು ಮಗ್ಗುಲು ಬದಲಿಸಿ ಎದ್ದು ಕೂತನೆಂದರೆ ಸಾಕು, ಕಣ್ಣು ಬಿಡದೆ "ಎಷ್ಟಾತ್ರಿ?" ಎಂದು ಕೇಳುವಳು. ಇವನು "ಐದೂ ಕಾಲು" ಎಂದೋ "ಐದೂವರಿ" ಎಂದೋ ಹೇಳಬೇಕು. ಮುಂದೆ ಮಾತಿಲ್ಲ, ಅವಳು ಮತ್ತೆ ನಿದ್ದೆ ಹೋಗುವಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನಿಗೆ ಉಳಿದ ನೆನಪುಗಳಲ್ಲಿ ಇದೇ ಎಲ್ಲಕ್ಕಿಂತ ಹೆಚ್ಚು ಕಾಡುತ್ತಿತ್ತು. ಅವಳು ಹೋದ ಮೇಲೆ ಅವನು ಎಷ್ಟಕ್ಕೆ ಎದ್ದರೂ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಶನಿವಾರ ಸಂಜೆ ತಾನು ಸತ್ತರೆ ಸೋಮವಾರ ಇಸಿಜಿ ಕೋಣೆಯ ಮುಂದೆ ಸಾಲು ನಿಂತು ಗಲಾಟೆಯಾಗುವ ತನಕ ಸುದ್ದಿ ಹೊರಬೀಳುವುದಿಲ್ಲ ಎಂದು ಅವನು ಲೆಕ್ಕ ಹಾಕಿಟ್ಟಿದ್ದ. ಹಾಗೆಂದು ಯಾರ ಹತ್ತಿರವೂ ಹೇಳಿಕೊಂಡವನಲ್ಲ.

ಪಟ್ಟಿ ಕಟ್ಟಿದ ಎರಡನೇ ವಾರ ತನುಜಾ ಕಾರಿಡಾರಿನಲ್ಲಿ ಎದುರಾದಳು.

"ಕಾಕಾ, ದಿನಾ ಐದೂ ಕಾಲಿಗೆ ಏಳ್ತಿದ್ರಿ, ಇವತ್ತ್ಯಾಕ ನಾಕೂವರಿಗೇ ಎದ್ರಿ? ನಿದ್ದಿ ಬರ್ಲಿಲ್ಲೇನು?"

"ನಿಮಗ ಹ್ಯಾಂಗ್ ಗೊತ್ತಾತ್ರಿ?"

"ಪಂಪ್ ಹೇಳ್ತದಲ್ರಿ! ನೀವು ಎದ್ದ ಕೂಡ್ಲೇ ಓಟ ಜೋರ್ ಆಗ್ತದ. ಮೆಟ್ಟಿಲಾ ಹತ್ತಿದ್ರೂ ಗೊತ್ತಾಗ್ತದ, ಊಟಾ ಮಾಡಿದ್ರೂ ಗೊತ್ತಾಗ್ತದ. ಎಲ್ಲಾ ಬರದಿಡ್ತೇವಿ."

ಫಕೀರಪ್ಪ ಏನೋ ನೆಪ ಹೇಳಿ ಕೋಣೆಯೊಳಗೆ ಹೋಗಿ, ರೋಗಿಯಿಲ್ಲದ ಮಂಚದ ಅಂಚಿಗೆ ಸ್ವಲ್ಪ ಹೊತ್ತು ಕೂತ. ಒಂಬತ್ತು ವರ್ಷದ ಮೇಲೆ, ಅವನು ಎದ್ದದ್ದು ಒಬ್ಬರಿಗೆ ಗೊತ್ತಾಗಿತ್ತು.

ಆಮೇಲೆ ಅವನ ಬದುಕಿನ ಧಾಟಿಯೇ ಬದಲಾಯಿತು. ಹನ್ನೊಂದನೇ ಮೆಟ್ಟಿಲಿನಲ್ಲಿ ನಿಂತು ಉಸಿರು ಸುಧಾರಿಸಿಕೊಳ್ಳುವನು, ಪಿಂಡಗಳಿಗೆ ದಣಿವಾಗಬಾರದೆಂದು. ಖಾರ ಕಡಿಮೆ ಮಾಡಿದ. ಸಿಟ್ಟು ಬರಿಸುವ ಸುದ್ದಿ ನೋಡುವುದು ಬಿಟ್ಟ. ರೊಟ್ಟಿ ಮುರಿಯುವಾಗ "ಉಣ್ಣಾಕತ್ತೀನ್ರಪಾ" ಎಂದು ಮಣಿಕಟ್ಟಿಗೆ ಹೇಳುವನು. ಯಾರಾದರೂ ಕೇಳಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಬೆಳಗಿನ ಚಹಾಕ್ಕೆ ಮೊದಲು ಪ್ರಯೋಗಶಾಲೆಗೆ ಹೋಗಿ, ತನುಜಾಳ ಪುಸ್ತಕದಲ್ಲಿ "5.15 – ದಾನಿ ಎಚ್ಚರ" ಎಂದು ಬರೆದಿದ್ದನ್ನು ಕಣ್ತುಂಬ ಓದಿ ಬರುವನು.

ಆ ವರ್ಷ ಕಾಲೇಜಿಗೆ ಬೆಳವಣಿಗೆಯ ವರ್ಷ. ಅವನ ನಾಡಿಯಲ್ಲಿ ಬೆಳೆದ ಮೊದಲ ಮೂರು ಪಿಂಡಗಳನ್ನು ಜೂನ್‌ನಲ್ಲಿ ಮೂವರಿಗೆ ಜೋಡಿಸಿದರು; ಮೂವರೂ ಎದ್ದು ಮನೆಗೆ ನಡೆದರು. ನಿರ್ದೇಶಕ ಡಾ. ಸಂಕನಗೌಡ್ರ ಕಾಲು ನೆಲಕ್ಕೆ ಹತ್ತಲಿಲ್ಲ. ಮೂರು ಕೋಣೆಯ ಪಕ್ಕ ಮೂರು ಮಹಡಿಯ ಕಟ್ಟಡ ಏಳತೊಡಗಿತು, ನೂರು ಸೀಟು ಹೆಚ್ಚಾಯಿತು, ಹನ್ನೆರಡು ಹೊಸ ಪಾತ್ರೆ ಬಂದವು. ಸ್ವಚ್ಛತೆಯ ಹೆಂಗಸರು ಅವನ್ನು ಉಪ್ಪಿನಕಾಯಿ ಜಾಡಿ ಎಂದು ಕರೆಯಹೋಗಿ, ಕೊನೆಗೆ ತನುಜಾಳ ಬಾಯಲ್ಲೂ ಜಾಡಿ ಎಂದೇ ನಿಂತಿತು. ಒಂದು ಜಾಡಿಗೆ ಒಬ್ಬನೇ ದಾನಿ. ಒಬ್ಬರ ನಾಡಿಗೆ ಒಗ್ಗಿದ ಪಿಂಡ ಇನ್ನೊಬ್ಬರದಕ್ಕೆ ಬದುಕುತ್ತಿರಲಿಲ್ಲ. ದಾನಿಗಳಾಗಿ ವಿದ್ಯಾರ್ಥಿಗಳು ಮುಂದೆ ಬಂದರು. ಅವರ ಫಜೀತಿ ಕೇಳಬೇಡಿ. ಪರೀಕ್ಷೆಯ ದಿನ ಐದು ಪಂಪು ಒಟ್ಟಿಗೆ ಕುದುರೆ ಓಟ ಹಚ್ಚಿದವು. ಎರಡನೇ ಜಾಡಿಯಂತೂ ದಿನಾ ಹನ್ನೊಂದು ಗಂಟೆಗೆ ಧಡಧಡ ಎನ್ನುತ್ತಿತ್ತು. ಆ ಹುಡುಗ ಕ್ಯಾಂಟೀನಿನಲ್ಲಿ ಯಾರನ್ನು ನೋಡುತ್ತಾನೆಂದು ಇಡೀ ಪ್ರಯೋಗಶಾಲೆಗೆ ಗೊತ್ತಾಯಿತು. ಇವರೆಲ್ಲರ ನಡುವೆ ಫಕೀರಪ್ಪನಿಗೆ ಏಳನೇ ಜಾಡಿ ಬಂತು. ಜುಲೈ ಕೊನೆಗೆ ಬಿತ್ತಿದ್ದು, ಜನವರಿಗೆ ತಯಾರು.

ಏಳನೇ ಜಾಡಿ ಚಾಂದಬಿಯದು. ಬೆಟಗೇರಿಯವಳು, ಮೂವತ್ತನಾಲ್ಕರ ಪ್ರಾಯ, ಅಕ್ಕನ ಮನೆಯಲ್ಲಿದ್ದು ಜಂಪರು, ರವಿಕೆ ಹೊಲಿಯುವವಳು. ಮೂರು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್, ತಿಂಗಳಿಗೊಮ್ಮೆ ಇಸಿಜಿ. ಒಂದು ಕೈಗೆ ಸೂಜಿ ಚುಚ್ಚಿಸಿಕೊಂಡು ನಾಲ್ಕು ತಾಸು ಮಲಗಿದಾಗ, ಇನ್ನೊಂದು ಕೈಯಿಂದ ಡಬ್ಬಿಯಲ್ಲಿನ ಹುಕ್ಕು, ಗುಂಡಿ ಬೇರೆ ಬೇರೆ ಮಾಡುತ್ತ ಇರುವಳು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಕಾಕಾರ, ನನ್ನ ಕಿಡ್ನಿ ಎಷ್ಟಾತ್ರಿ?"

"ಹೆಸರುಕಾಳಿನಷ್ಟು ಆಗೈತಿ ನೋಡವ್ವ."

ಮುಂದಿನ ತಿಂಗಳು ಹುಣಸೆಬೀಜ. ಅದರ ಮುಂದಿನ ತಿಂಗಳು ನೆಲ್ಲಿಕಾಯಿ. "ಅಲ್ರಿ ಕಾಕಾರ, ಕಿರಾಣಿ ಅಂಗಡಿ ಬಿಟ್ಟು ಕಾಯಿಪಲ್ಲೆ ಸಂತಿಗೆ ಬಂತಲ್ರಿ ನನ್ನ ಕಿಡ್ನಿ!" ಎಂದು ಅವಳು ನಕ್ಕರೆ ಎದೆಗೆ ಹಚ್ಚಿದ ರಬ್ಬರು ಬಟ್ಟಲು ಕಳಚಿ ಬೀಳುತ್ತಿದ್ದವು. ಫಕೀರಪ್ಪ ಸುಳ್ಳು ಸಿಟ್ಟಿನಿಂದ ಬೈದು ಮತ್ತೆ ಹಚ್ಚುತ್ತಿದ್ದ.

ದಸರೆಯ ಬನ್ನಿ ಕೊಡುವ ದಿನ, ಸಂಜೆ, ಅವನು ಕಸ್ತೂರಿಯ ಫೋಟೋಕ್ಕೆ ಬನ್ನಿ ಎಲೆ ಏರಿಸುತ್ತಿದ್ದ. ಎದೆಯೊಳಗೆ ಏನೋ ಧಸಕ್ ಎಂದಿತು. ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟ ಹಾಗೆ. ಒಂದು ಕ್ಷಣ ಏನೂ ಇಲ್ಲ, ಆಮೇಲೆ ಗುದ್ದಿದಂಥ ಒಂದು ದೊಡ್ಡ ಬಡಿತ. ಹತ್ತು ನಿಮಿಷದಲ್ಲಿ ಮತ್ತೊಮ್ಮೆ.

ಇಪ್ಪತ್ತಾರು ವರ್ಷ ಊರ ಮಂದಿಯ ಹೃದಯ ನೋಡಿದವನಿಗೆ ಅದೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೋಣೆಯ ಚಿಲಕ ಹಾಕಿಕೊಂಡು, ತನಗೆ ತಾನೇ ತಂತಿ ಹಚ್ಚಿಕೊಂಡ. ಗುಲಾಬಿ ಕಾಗದ ಹೊರಗೆ ಬಂತು. ನಾಲ್ಕು ಚೆಂದದ ಬಡಿತ. ಐದನೆಯದು ಅವಸರ ಮಾಡಿ ಅಡ್ಡಾದಿಡ್ಡಿ ಅಗಲ. ಅದರ ಹಿಂದೆ ಖಾಲಿ ಜಾಗ. ಮತ್ತೆ ನಾಲ್ಕು, ಮತ್ತೆ ಖಾಲಿ. ಬೇರೆ ಯಾರದಾದರೂ ಆಗಿದ್ದರೆ ಆ ಕ್ಷಣವೇ ಮೇಲಿನ ಮಹಡಿಯ ಹೃದಯ ವಿಭಾಗಕ್ಕೆ ಕಳಿಸುತ್ತಿದ್ದ. ಆ ಕಾಗದವನ್ನು ಮಡಚಿ ಊಟದ ಡಬ್ಬಿಯ ತಳದಲ್ಲಿಟ್ಟ.

ಹೇಳಿದರೆ ಪಟ್ಟಿ ಬಿಚ್ಚುತ್ತಾರೆ. ಇದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ತಾನಾಗಿ ಹೋಗಬಹುದು, ಗುಳಿಗೆ ನುಂಗಿದರೆ ಆದೀತು, ಜನವರಿ ತನಕ ತಡೆದರೆ ಸಾಕು ಎಂದು ದಿನಾ ಸಮಾಧಾನ ಹೇಳಿಕೊಂಡ. ಪ್ರಯೋಗಶಾಲೆಯ ಯಂತ್ರಕ್ಕೇನು ತಿಳಿಯಲಿಲ್ಲವೆಂದಲ್ಲ. ತಪ್ಪಿದ ಬಡಿತ ಕಂಡಾಗಲೆಲ್ಲ ಅದು ಒಂದು ಸೂಚನೆ ಮುದ್ರಿಸುತ್ತಿತ್ತು: ನಾಡಿಯಲ್ಲಿ ದೋಷ, ಇಲ್ಲವೇ ಪಟ್ಟಿ ಸಡಿಲ, ನೋಡಿ ಸಹಿ ಮಾಡಿ. ಇಸಿಜಿ ಬಲ್ಲವನು ಅವನೇ ಎಂದು, ಎಲ್ಲ ದಾನಿಗಳ ಸೂಚನೆ ನೋಡಿ ಸಹಿ ಮಾಡುವ ಕೆಲಸವನ್ನು ತನುಜಾ ಅವನಿಗೇ ಒಪ್ಪಿಸಿದ್ದಳು. ಏಳನೇ ಜಾಡಿಯ ಸೂಚನೆಯ ಮುಂದೆ ಅವನು ದಿನಾ ಬರೆದ: ಪಟ್ಟಿ ಸಡಿಲ. ಕೆಳಗೆ ಸಹಿ, ಫ. ಹೊಂಬಳ. ಅಕ್ಟೋಬರ್ ಹೋಯಿತು, ನವೆಂಬರ್ ಹೋಯಿತು.

ಡಿಸೆಂಬರಿನಲ್ಲಿ ಏಳನೇ ಪಿಂಡದ ಮೇಲೆ ಬಿಳಿಚಿದ ಚುಕ್ಕೆ ಎದ್ದವು. ತನುಜಾ ದ್ರಾವಣ ಬದಲಿಸಿದಳು, ಕೊಳವೆ ಬದಲಿಸಿದಳು, ಬಿಸಿ ಅರ್ಧ ಡಿಗ್ರಿ ಏರಿಸಿದಳು, ಇಳಿಸಿದಳು. ದ್ರಾವಣ ಕಲಸುವ ಹುಡುಗಿಯನ್ನು ಎಲ್ಲರೆದುರು ಬೈದು, ಆಮೇಲೆ ತಾನೇ ಹೋಗಿ ಕ್ಷಮೆ ಕೇಳಿದಳು.

"ಎಲ್ಲಿ ತಪ್ಪಾಗ್ಲಿಕ್ಕತ್ತದ ತಿಳೀವಲ್ದು ಕಾಕಾ" ಎಂದಳು, ಕಣ್ಣು ಕೆಂಪಗಾಗಿದ್ದವು. "ನಿಮ್ಮ ನಾಡಿ ಮ್ಯಾಲೆ ಬೆಳದದ್ದಕ್ಕ ಹಿಂಗಾಗಬೇಕಾದ್ರ, ನನ್ನ ಕೈಯಾಗಿಂದ ಏನೋ ತಪ್ಪಾಗಿರಬೇಕು."

ಅವನು ಅವಳ ಮುಖ ನೋಡಲಿಲ್ಲ. "ಆಗ್ತೈತಿ ಬಿಡ್ರಿ ಮೇಡಂ, ಸರಿ ಆಗ್ತೈತಿ" ಎಂದು ಹೊರಗೆ ಬಂದ. ನಾಚಿಕೆಯಿಂದ ಮೈ ಬಿಸಿಯಾಗಿತ್ತು. ಪಂಪಿಗೂ ಅದು ತಿಳಿದಿರಬೇಕು.

ಸಂಕನಗೌಡ್ರಿಗೆ ಚುಕ್ಕೆಯ ಚಿಂತೆ ಇರಲಿಲ್ಲ. ಜನವರಿ ಹದಿನಾರಕ್ಕೆ ವರ್ಷದ ಸಮಾರಂಭ, ಮಂತ್ರಿಗಳು ಬರುವವರು. ಹನ್ನೊಂದನೇ ತಾರೀಖಿಗೆ ಚಾಂದಬಿಯ ಶಸ್ತ್ರಚಿಕಿತ್ಸೆ ಮುಗಿದರೆ ವೇದಿಕೆಗೆ ಕರೆತರಬಹುದು. "ಹತ್ತರಾಗ ಒಂದು ಪಾಲು ಬಿಳೀ ಆದ್ರ ಏನಾತು, ಉಳಿದ ಒಂಬತ್ತು ಪಾಲು ಕೆಲಸ ಮಾಡ್ತೈತಲ್ರಿ" ಎಂದು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. ಕಾರಣ ಗೊತ್ತಿಲ್ಲದೆ ತನುಜಾ ಬೇಡವೆನ್ನಲೂ ಆಗಲಿಲ್ಲ.

ಕಾರಣ ಒಬ್ಬನಿಗೆ ಗೊತ್ತಿತ್ತು. ಬಡಿತ ತಪ್ಪಿದಾಗ ಎಳೆಯ ನಾಳಗಳು ಒಂದಕ್ಕೊಂದು ಅಂಟುತ್ತವೆ, ಹಿಂದೆಯೇ ಬರುವ ದೊಡ್ಡ ಬಡಿತ ಅವನ್ನು ಹರಿಯುತ್ತದೆ, ಹರಿದಲ್ಲಿ ಗಾಯ ಗಟ್ಟಿಯಾಗುತ್ತದೆ. ಹೊರಗೆ ಕಾಣುವ ಚುಕ್ಕೆ ಒಂದಾದರೆ ಒಳಗೆ ಎಷ್ಟೋ. ಚಾಂದಬಿಯ ರಕ್ತ ಆ ಪಿಂಡದೊಳಗೆ ನುಗ್ಗಿದ ದಿನ ಏನಾಗುತ್ತದೆಂದು ಅವನು ಊಹಿಸಬಲ್ಲವನಾಗಿದ್ದ.

ಜನವರಿ ಮೂರಕ್ಕೆ ಅವಳು ಶಸ್ತ್ರಚಿಕಿತ್ಸೆಗೆ ಮುಂಚಿನ ಇಸಿಜಿಗೆ ಬಂದಳು. ಮೈ ಇನ್ನಷ್ಟು ಇಳಿದಿತ್ತು, ಕಣ್ಣು ಮಾತ್ರ ಹೊಳೆಯುತ್ತಿದ್ದವು.

"ಬದನೀಕಾಯಿ ಆತಲ್ರಿ ಕಾಕಾರ?"

"ಆತವ್ವ."

"ನಾ ಹೊಸಾ ಜಂಪರ್ ಹೊಲ್ಕೊಂಡೀನ್ರಿ. ಹಸರದ್ದು. ಫಂಕ್ಷನ್ನಿಗೆ ಕರೀತಾರಂತ. ನಿಮ್ಮ ನಾಡಿ ಮ್ಯಾಗ ಬೆಳದದ್ದು ನನ್ನ ಹೊಟ್ಟ್ಯಾಗ ಇರ್ತೈತಿ ಅಂದ್ರ, ಇನ್ನ ಮ್ಯಾಗ ನಾನೂ ನಾರ್ಮಲ್ ಅಲ್ರಿ?"

ಯಂತ್ರ ಅವಳ ಗೆರೆ ಬರೆಯತೊಡಗಿತು. ದಣಿದ ಹೃದಯ, ಸಣ್ಣ ಸಣ್ಣ ಬಡಿತ, ಆದರೆ ಒಂದೂ ತಪ್ಪಲಿಲ್ಲ. ಫಕೀರಪ್ಪ ಆ ಕಾಗದ ಹಿಡಿದುಕೊಂಡು ನಿಂತೇ ಇದ್ದ. ಅವಳು "ಯಾಕ್ರಿ, ಚೊಲೋ ಇಲ್ಲೇನ್ರಿ?" ಎಂದು ಗಾಬರಿಯಾದಳು. "ನಿಂದು ಚೊಲೋ ಐತವ್ವ" ಎಂದ. ಅವಳನ್ನು ಕಳಿಸಿ, ಊಟದ ಡಬ್ಬಿ ತೆಗೆದುಕೊಂಡು ನೇರ ತನುಜಾಳ ಕೋಣೆಗೆ ನಡೆದ.

ಡಬ್ಬಿಯ ತಳದ ಕಾಗದ ಅವಳ ಮೇಜಿನ ಮೇಲೆ ಬಿಡಿಸಿಟ್ಟ. ಎಣ್ಣೆ ಹತ್ತಿ ಒಂದು ಮೂಲೆ ಪಾರದರ್ಶಕವಾಗಿತ್ತು. ತನುಜಾ ಬಗ್ಗಿ ನೋಡಿದಳು.

"ಐದಕ್ಕೊಂದು ತಪ್ಪಲಿಕ್ಕತ್ತದ. ಯಾರದ್ರಿ ಇದು? ಕಾರ್ಡಿಯಾಲಜಿಗೆ ಕಳಸ್ಲಿಲ್ಲೇನು?"

"ನಂದ್ರಿ ಮೇಡಂ."

ಅವಳು ನಕ್ಕಳು. ಚೇಷ್ಟೆ ಎಂದುಕೊಂಡಿರಬೇಕು. ಅವನು ನಗಲಿಲ್ಲ. ಅವಳ ಕಣ್ಣು ಕಾಗದದ ಮೂಲೆಯಲ್ಲಿದ್ದ ತಾರೀಖಿಗೆ ಹೋಯಿತು, ಅಲ್ಲಿಂದ ಏಳನೇ ಜಾಡಿಯ ಸೂಚನೆಗಳ ಕಡತಕ್ಕೆ ಹೋಯಿತು. ಒಂದೊಂದೇ ಹಾಳೆ ತಿರುವಿದಳು. ಪಟ್ಟಿ ಸಡಿಲ. ಪಟ್ಟಿ ಸಡಿಲ. ಪಟ್ಟಿ ಸಡಿಲ. ಎಪ್ಪತ್ತೆಂಟು ದಿನ.

"ನಾ ಆ ಹುಡಿಗೀನ ಬೈದೆ ಕಾಕಾ" ಎಂದಳು ಕೊನೆಗೆ. "ಎಲ್ಲಾರ ಮುಂದ ಬೈದೆ. ನೀವು ಅಲ್ಲೇ ನಿಂತಿದ್ರಿ."

"ಹೌದ್ರಿ."

"ಯಾಕ ಹೇಳ್ಲಿಲ್ಲ?"

ಅವನು ಕಾಗದದ ಮಡಿಕೆಯನ್ನು ಬೆರಳಿನಿಂದ ನೇರ ಮಾಡಿದ. ತನುಜಾ ಫೋನ್ ಎತ್ತಿ ಹೃದಯ ವಿಭಾಗಕ್ಕೆ ಹೇಳಿ ಅವನಿಗೊಂದು ಹಾಸಿಗೆ ಮಾಡಿಸಿದಳು, ಆಮೇಲೆ ನಿರ್ದೇಶಕರ ಕೋಣೆಗೆ ಹೋದಳು. ಆ ಸಂಜೆಯೇ ಶಸ್ತ್ರಚಿಕಿತ್ಸೆ ರದ್ದಾಯಿತು.

ಚಾಂದಬಿಗೆ ತಾನೇ ಹೇಳುತ್ತೇನೆಂದು ಅವನು ಹಟ ಹಿಡಿದ. ಮರುದಿನ ಡಯಾಲಿಸಿಸ್ ಕೋಣೆಗೆ ಹೋಗಿ ಅವಳ ಹಾಸಿಗೆಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತು, ಏನನ್ನೂ ಬಚ್ಚಿಡದೆ ಹೇಳಿದ. ಬಡಿತ ತಪ್ಪಿದ್ದು, ಮುಚ್ಚಿಟ್ಟದ್ದು, ಪಿಂಡ ಕೆಟ್ಟದ್ದು, ಹೊಸದು ಬಿತ್ತಿ ಮತ್ತೆ ಆರು ತಿಂಗಳು ಕಾಯಬೇಕಾದದ್ದು. ತನುಜಾಳ ಮುಂದೆ ಬಾರದ ಉತ್ತರವೂ ಬಂತು. ಕಸ್ತೂರಿ ಬೆಳಿಗ್ಗೆ ಕೇಳುತ್ತಿದ್ದದ್ದು, ಅವಳು ಹೋದ ಮೇಲಿನ ಒಂಬತ್ತು ವರ್ಷ, ಪುಸ್ತಕದಲ್ಲಿ ಬರೆದಿಡುತ್ತಿದ್ದ 5.15.

"ನಾ ಎದ್ದದ್ದು ಯಾರಿಗರ ಒಬ್ರಿಗೆ ಗೊತ್ತಾಗ್ತಿತ್ತವ್ವ. ಅದ್ ಹೋಗ್ತೈತಲ್ಲ ಅಂತ ಹೇಳ್ಲಿಲ್ಲ."

ಚಾಂದಬಿಯ ಬೆರಳು ಹುಕ್ಕಿನ ಡಬ್ಬಿಯೊಳಗೆ ನಿಂತವು. ಪಕ್ಕದ ಯಂತ್ರ ಅವಳ ರಕ್ತವನ್ನು ತಿರುಗಿಸುತ್ತಿತ್ತು.

"ನೀವು ಎದ್ದದ್ದು ಕೇಳಾಕ ಒಬ್ರು ಬೇಕಂತ ನನ್ನ ಕಿಡ್ನಿ ಕೆಡಸಿದ್ರಿ" ಎಂದಳು. ಕೂಗಲಿಲ್ಲ. "ಆರು ತಿಂಗಳು ನಾ ಇರ್ತೀನೋ ಇಲ್ಲೋ, ಅದು ಬರದೈತೇನ್ರಿ ಯಾವುದರ ಪುಸ್ತಕದಾಗ?"

ಅವಳು ಡಬ್ಬಿಯ ಮುಚ್ಚಳ ಹಾಕಿದಳು.

"ಹೋಗ್ರಿ. ನಿಮ್ಮ ಮಾರಿ ನೋಡಾಕ ಆಗವಲ್ದು ನನಗ."

ಏಳನೇ ಜಾಡಿಯನ್ನು ನಿಲ್ಲಿಸುವ ದಿನ ತನುಜಾ ಅವನನ್ನು ಕರೆಸಿದಳು. "ಪಟ್ಟಿ ನೀವ ಬಿಚ್ರಿ" ಎಂದಷ್ಟೇ ಹೇಳಿ ಆಚೆ ನಿಂತಳು. ಅವನು ಜಾಡಿಯ ಮುಂದೆ ಕೂತ. ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಪ್ರತಿ ಬಡಿತಕ್ಕೆ ಪಿಂಡ ಮೆಲ್ಲಗೆ ಕೆಂಪಾಗುತ್ತಿತ್ತು. ನಾಲ್ಕು ಸಲ ಕೆಂಪು. ಐದನೆಯದಕ್ಕೆ ಬಿಳಿಚಿಕೊಂಡು, ಮುಂದಿನ ಬಡಿತ ಬರುವ ತನಕ ಹಾಗೇ ಕಾಯುತ್ತಿತ್ತು. ತನ್ನ ತಪ್ಪು ತನ್ನ ಕಣ್ಣೆದುರಿಗೇ ಮತ್ತೆ ಮತ್ತೆ ಆಗುವುದನ್ನು ಅವನು ಬಹಳ ಹೊತ್ತು ನೋಡಿದ. "ತಪ್ಪಾತಪಾ" ಎಂದು ಗಾಜಿಗೆ ಹೇಳಿ ಪಟ್ಟಿ ಬಿಚ್ಚಿದ. ಪಂಪು ಎರಡು ಸಲ ತಡವರಿಸಿ ನಿಂತಿತು. ಗೋಡೆಯ ಫಲಕದಲ್ಲಿ ದಾನಿಗಳ ಹೆಸರುಗಳ ನಡುವೆ ಹೊಂಬಳ ಎಂಬ ಸಾಲು ಆರಿತು. ಮಣಿಕಟ್ಟಿನಲ್ಲಿ ಬಿಸಿಲು ಕಾಣದ ಬಿಳಿ ಗುರುತೊಂದು ಉಳಿದಿತ್ತು.

ಸಮಾರಂಭ ಚೆನ್ನಾಗಿಯೇ ಆಯಿತು. ಒಂದು ವರ್ಷದಲ್ಲಿ ಸಂಸ್ಥೆ ಎಷ್ಟು ಬೆಳೆಯಿತೆಂದು ಸಂಕನಗೌಡ್ರು ಮುಕ್ಕಾಲು ತಾಸು ಹೇಳಿದರು. ಫಕೀರಪ್ಪನ ಹೆಸರು ಹೊಗಳಲೂ ಬರಲಿಲ್ಲ, ತೆಗಳಲೂ ಬರಲಿಲ್ಲ. ಹಿಂದಿನ ಸಾಲಿನಲ್ಲಿ ನಿಂತು ಕೇಳಿ, ಕೈಗೆ ಬಂದ ಬುಂದಿಯ ಪೊಟ್ಟಣ ಹಿಡಿದು ಮನೆಗೆ ಹೋದ. ಹನ್ನೊಂದನೇ ಮೆಟ್ಟಿಲಿನಲ್ಲಿ ರೂಢಿಯಂತೆ ನಿಂತ. ಈಗ ನಿಲ್ಲಬೇಕಾಗಿಲ್ಲ ಎಂಬುದು ನೆನಪಾದರೂ ಮುಂದಿನ ಮೆಟ್ಟಿಲು ಹತ್ತಲು ಬಹಳ ಹೊತ್ತು ಹಿಡಿಯಿತು.

ಬೆಳಿಗ್ಗೆ ಎಚ್ಚರವಾದಾಗ "ಐದೂ ಕಾಲು" ಎಂದು ಗಟ್ಟಿಯಾಗಿ ಹೇಳಿ ನೋಡಿದ. ಕೋಣೆಯಲ್ಲಿ ಅವನ ದನಿಯಷ್ಟೇ ಇತ್ತು. ಮತ್ತೆ ಯಾವತ್ತೂ ಹಾಗೆ ಹೇಳಲಿಲ್ಲ.

ಶಿಸ್ತಿನ ಕ್ರಮವಾಗಿ ಅವನಿಗೆ ಪ್ರಯೋಗಶಾಲೆಯ ಬಾಗಿಲು ಮುಚ್ಚಿತು; ಇಸಿಜಿ ಕೋಣೆಯ ಕೆಲಸ ಉಳಿಯಿತು. ಗುಳಿಗೆಯಿಂದ ಬಡಿತ ಬಹುಮಟ್ಟಿಗೆ ಹದಕ್ಕೆ ಬಂತು. ಎರಡನೇ ವರ್ಷದ ತರಗತಿಯಲ್ಲಿ ತನುಜಾ ಹಳೇ ಚಿತ್ರದ ಪಕ್ಕ ಎಣ್ಣೆ ಹತ್ತಿದ ಆ ಕಾಗದವನ್ನೂ ಕಟ್ಟು ಹಾಕಿಸಿ ತೂಗುಹಾಕಿದಳು. ಒಬ್ಬ ಹುಡುಗ ಬಂದು ಎರಡನೆಯದು ಯಾರದು ಎಂದು ಕೇಳಿದಾಗ ಫಕೀರಪ್ಪ "ಎರಡೂ ನಂದಪಾ" ಎಂದ.

ಚಾಂದಬಿಯ ಹೊಸ ಪಿಂಡವನ್ನು ಫೆಬ್ರವರಿ ಮೊದಲಿಗೆ ಹದಿನಾಲ್ಕನೇ ಜಾಡಿಯಲ್ಲಿ ಬಿತ್ತಿದ್ದರು. ದಾನಿ ಯಾರೋ ಮೂರನೇ ವರ್ಷದ ಹುಡುಗಿ, ಪ್ರತಿ ತಿಂಗಳೂ ಪರೀಕ್ಷೆ ಮಾಡಿಸುತ್ತಾರೆಂದು ಕೇಳಿದ್ದ. ಅದಕ್ಕಿಂತ ಹೆಚ್ಚು ಅವನಿಗೆ ಯಾರೂ ಹೇಳುತ್ತಿರಲಿಲ್ಲ, ಕೇಳುವ ಮುಖ ಅವನಿಗಿರಲಿಲ್ಲ. ಫೆಬ್ರವರಿಯಲ್ಲಿ ಅವಳು ಇಸಿಜಿಗೆ ಬಂದಳು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು, ಮುಗಿದ ಮೇಲೆ ಎದ್ದು ಹೋದಳು. ಮಾರ್ಚಿನಲ್ಲೂ ಹಾಗೇ. ಅವನು ಬಟ್ಟಲು ಹಚ್ಚುವನು, ಗೆರೆ ನೋಡುವನು, ತೆಗೆಯುವನು. ಅವಳ ಬಡಿತ ಮೊದಲಿಗಿಂತ ಸಣ್ಣದಾಗುತ್ತ ಬಂದದ್ದು ಅವನಿಗೆ ಕಾಣುತ್ತಿತ್ತು. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಏಪ್ರಿಲಿನಲ್ಲಿ ಅವಳು ಅಕ್ಕನ ತೋಳು ಹಿಡಿದುಕೊಂಡು ಬಂದಳು. ಅಕ್ಕನನ್ನು ಹೊರಗೆ ಕೂಡಿಸಿ, ಒಳಗೆ ಬಂದು ಮಂಚದ ಮೇಲೆ ಮಲಗಿದಳು. ಮುಖ ಗೋಡೆಯ ಕಡೆಗೇ ಇತ್ತು. ಅವನು ತಂತಿ ಹಚ್ಚಿದ. ಯಂತ್ರ ಗುಲಾಬಿ ಕಾಗದ ಹೊರಬಿಡತೊಡಗಿತು.

"ಹುಣಸಿಬೀಜದಷ್ಟು ಆಗೈತಂತ" ಎಂದಳು.

ಯಾರಿಗೆ ಹೇಳಿದಳೆಂದು ಅವನಿಗೆ ಮೊದಲು ತಿಳಿಯಲಿಲ್ಲ. ಕೋಣೆಯಲ್ಲಿ ಇಬ್ಬರೇ ಇದ್ದರು.

"ನಿಮಗ ಯಾರೂ ಹೇಳಂಗಿಲ್ಲಂತಲ್ಲ. ನಾ ಮ್ಯಾಡಂ ಕಡೆ ಕೇಳ್ಕೊಂಡ್ ಬಂದೀನಿ. ಚುಕ್ಕಿ ಇಲ್ಲಂತ, ಒಂದೂ."

"ಚೊಲೋ ಆತವ್ವ" ಎಂದ. ಕಾಗದದ ಮೇಲಿನ ಗೆರೆ ಸರಿಯಾಗಿ ಕಾಣದೆ ಕಣ್ಣೊರೆಸಿಕೊಂಡ. ಅವಳು ತಿರುಗಿ ನೋಡಲಿಲ್ಲ. ಸಿಟ್ಟು ಇನ್ನೂ ಹೋಗಿರಲಿಲ್ಲ, ದನಿಯಲ್ಲಿ ಗೊತ್ತಾಗುತ್ತಿತ್ತು. ಅವನು ಬಟ್ಟಲು ಒಂದೊಂದೇ ಬಿಚ್ಚಿದ. ಅವಳು ಎದ್ದು ಕೂತು, ಸೆರಗು ಸರಿಮಾಡಿಕೊಂಡು, ಚಪ್ಪಲಿಗೆ ಕಾಲು ತೂರಿಸುತ್ತ, ನೆಲ ನೋಡಿಕೊಂಡೇ ಕೇಳಿದಳು.

"ಇವತ್ತ ಎಷ್ಟಕ್ಕ ಎದ್ರಿ?"